ಎರಡು ಗಿಡ ಸಾಕು ಅಂದವನು ನಾನೇ

ಚನ್ನಗಿರಿ ಕಡೆಯ ಆ ತೋಟಕ್ಕೆ ಹೋಗಿ ಬಂದು ಎರಡು ವರ್ಷವಾಯಿತು. ಇವತ್ತಿಗೂ ನರ್ಸರಿಗೆ ಬಂದವರು ಸ್ನೇಕ್ ಫ್ರೂಟ್ ಗಿಡ ಇದೆಯಾ ಅಂದರೆ, ಆ ಯಜಮಾನರು ಮಾತಾಡದೆ ನಿಂತದ್ದೇ ಕಣ್ಣಿಗೆ ಬರುತ್ತದೆ.

ಸಲಾಕ್ ಅಂತ ಕರೆಯುವ ಇದು ಜಾವಾ, ಸುಮಾತ್ರಾ ಕಡೆಯ ಪುಟ್ಟ ತಾಳೆ. ಕಾಂಡ ಇಲ್ಲವೆನ್ನುವಷ್ಟು ಗಿಡ್ಡ, ಗರಿಯ ದಂಟಿನ ತುಂಬಾ ಸೂಜಿಯಂಥ ಮುಳ್ಳು. ಹಣ್ಣು ಬುಡದಲ್ಲೇ ಗೊಂಚಲು ಕಟ್ಟುತ್ತದೆ, ಸಿಪ್ಪೆ ಥೇಟ್ ಹಾವಿನ ಪೊರೆ. ನೆರಳು, ತೇವ ಎರಡೂ ಬೇಕು. ಹಾಗಾಗಿ ಗಿಡ ಕೇಳಿಕೊಂಡು ಬಂದ ಆ ಯಜಮಾನರಿಗೆ ಬಯಲಿಗೆ ಬೇಡ, ಅಡಿಕೆ ಸಾಲಿನ ನಡುವೆ ಹಾಕಿ ಅಂದೆ. ಅದು ಸರಿಯಾಗಿಯೇ ಇತ್ತು. 'ಮನೆಗೆ ತಿನ್ನೋಕೆ ಎರಡು ಗಿಡ ಸಾಕು' ಅಂದದ್ದೇ ತಪ್ಪು.

ನಾಲ್ಕನೇ ವರ್ಷ ಫೋನ್ ಬಂತು. ಹೂ ಬರ್ತಿದೆ, ಕಾಯಿ ನಿಲ್ತಿಲ್ಲ. ಅಡಿಕೆಯವರಿಗೆ ದಿನಾ ಹೇಳುವುದನ್ನೇ ಹೇಳಿದೆ: ನೀರು ತಪ್ಪಿಸಬೇಡಿ, ಬೋರಾನ್ ಕೊಡಿ. ಗಿಡ ನೋಡದೆ ಫೋನಿನಲ್ಲೇ ಔಷಧಿ ಹೇಳಿದ್ದಕ್ಕೆ ಅವರ ಇನ್ನೊಂದು ಹಂಗಾಮು ಹೋಯಿತು.

ಕೊನೆಗೆ ಹೋದೆ. ಮೊಣಕೈವರೆಗೆ ಗೋಣಿ ಸುತ್ತಿಕೊಂಡು ಮುಳ್ಳಿನೊಳಗೆ ಕೈ ಹಾಕಿ ಹೂಗೊಂಚಲು ಹೊರಗೆಳೆದೆ. ಬೆರಳಿನಂಥ ಸಣ್ಣ ತೆನೆಗಳು, ಮುಟ್ಟಿದರೆ ಅಂಗೈಗೆಲ್ಲ ಪರಾಗದ ಪುಡಿ. ಎದೆ ಧಸಕ್ಕೆಂದಿತು. ಪಕ್ಕದ ಗಿಡವಾದರೂ ಬೇರೆ ಇರಲಿ ಅಂತ ಅದರ ಗೊಂಚಲನ್ನೂ ಬಿಡಿಸಿದೆ. ಅದರಲ್ಲೂ ಅದೇ ಪುಡಿ. ಎರಡೂ ಗಂಡು. ಯಜಮಾನರು ಹಿಂದೆಯೇ ನಿಂತಿದ್ದರು. ಎದ್ದು ಅವರ ಮುಖ ನೋಡಲು ನನಗೆ ಬಹಳ ಹೊತ್ತು ಬೇಕಾಯಿತು. 'ನೀವೇ ಅಲ್ವೇನ್ರೀ ಎರಡು ಸಾಕು ಅಂದಿದ್ದು' ಅಂದರು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಅಡಿಕೆಯ ಹಿಂಗಾರದಲ್ಲಿ ಗಂಡು ಹೂ ತುದಿಗೆ, ಹೆಣ್ಣು ಹೂ ಬುಡಕ್ಕೆ, ಎಲ್ಲ ಒಂದೇ ಮರದಲ್ಲಿ. ತೆಂಗೂ ಹಾಗೆಯೇ. ಆ ಲೆಕ್ಕವನ್ನೇ ಇದಕ್ಕೂ ಹಿಡಿದೆ. ಆದರೆ ಜಾವಾದ ಈ ತಳಿಗಳಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಗಿಡ. ಬೀಜದ ಸಸಿ ಯಾವುದೆಂದು ಹೂ ಬರುವವರೆಗೆ ನೋಡಿ ಹೇಳಲಾಗದು. ನಮ್ಮ ಹಳ್ಳದ ದಂಡೆಯ ಈಚಲೂ ಹೀಗೇ ಅಲ್ಲವೇ? ಯಾವ ಮರದಡಿ ಹಣ್ಣು ಸಿಗುತ್ತದೆ, ಯಾವುದರಡಿ ಇಲ್ಲ ಅಂತ ಚಿಕ್ಕವನಿದ್ದಾಗಲೇ ಗೊತ್ತಿತ್ತು. ಗಿಡ ಮಾರುವಾಗ ಅದು ನೆನಪಾಗಲಿಲ್ಲ.

ನರ್ಸರಿಯ ಬಿಲ್ಲಿಂಗ್‌ನಲ್ಲಿ ಇಂಥವಕ್ಕೆಲ್ಲ 'ವಿದೇಶಿ ಹಣ್ಣು' ಅಂತ ಒಂದೇ ಕೋಡ್. ಬೀಜದ್ದೋ, ತಾಯಿಗಿಡದ ಬುಡದಲ್ಲಿ ಒಡೆದ ಮರಿಯದ್ದೋ ಬರೆಯಲು ಜಾಗವಿಲ್ಲ. ಇನ್ನೊಂದು ಕಾಲಂ ಕೊಡಿ ಅಂತ ಮೂರು ಸಲ ಕೇಳಿದೆ. ತಿಂಗಳಿಗೆ ಎಷ್ಟು ಗಿಡ ಹೋಯಿತು ಅನ್ನುವುದಷ್ಟೇ ಬಿಲ್ಲಿಂಗ್‌ನವರಿಗೆ ಬೇಕು. ಈಗ ಲಾಟ್ ರಿಜಿಸ್ಟರ್‌ನ ಅಂಚಿನಲ್ಲಿ ನಾನೇ ಕೆಂಪು ಪೆನ್ನಿನಲ್ಲಿ ಬರೆದಿಡುತ್ತೇನೆ. ಬೀಜದ ಸಸಿ ಕೇಳಿದವರಿಗೆ ಐದಾರಕ್ಕಿಂತ ಕಮ್ಮಿ ಕೊಡುವುದಿಲ್ಲ, ಯಾಕೆಂದೂ ಹೇಳಿಯೇ ಕೊಡುತ್ತೇನೆ.

ಯಜಮಾನರು ಅವತ್ತೇ ಎರಡನ್ನೂ ಕಡಿಯಲು ಮಚ್ಚು ತರಿಸಿದ್ದರು. ಬೇಡ ಅಂದೆ. ನರ್ಸರಿ ಹಿಂಭಾಗದಲ್ಲಿ ಹೂ ಬಿಟ್ಟು ಹೆಣ್ಣೆಂದು ಖಾತ್ರಿಯಾದ ಒಂದು ತಾಯಿಗಿಡವಿತ್ತು. ಅದರ ಎರಡು ಮರಿಗಳ ಬುಡಕ್ಕೆ ಮಣ್ಣೇರಿಸಿ, ಬೇರು ಬರಿಸಿ, ಪಾಲಿಬ್ಯಾಗ್‌ನಲ್ಲಿಟ್ಟು ಹೊರಗಿನ ಬಿಸಿಲು ಗಾಳಿಗೆ ಒಗ್ಗಿಸಿ, ಮಳೆ ಹಿಡಿದ ಮೇಲೆ ನಾನೇ ಒಯ್ದು ಆ ಗಂಡುಗಳ ಪಕ್ಕ ನೆಟ್ಟೆ. ಮುಂದೆ ಹೆಣ್ಣು ಹೂ ಅರಳುವ ದಿನ ಗಂಡು ತೆನೆ ಕತ್ತರಿಸಿ ಅದರ ಮೇಲೆ ಹೇಗೆ ಉದುರಿಸಬೇಕೆಂದು ತೋರಿಸಿಕೊಟ್ಟೆ. ದುಡ್ಡು ತಗೊಳ್ಳಲಿಲ್ಲ.

ಹೋದ ವಾರ ಫೋನ್ ಮಾಡಿದ್ದರು. ಒಂದರಲ್ಲಿ ಹೊಸ ಸುಳಿ ಬಂದಿದೆಯಂತೆ. ಈ ಸಲ ಫೋನಿನಲ್ಲಿ ಏನೂ ಹೇಳಲಿಲ್ಲ. ಭಾನುವಾರ ಬಂದು ನೋಡ್ತೀನಿ ಅಂದೆ.