ಡೂಪ್ಲಿಕೇಟ್ ಕೀ ಮತ್ತು ಎಡಗಾಲಿನ ಶೂ

ಹೋದ ವಾರ ಮನೆ ಬೀಗಕ್ಕೆ ಡೂಪ್ಲಿಕೇಟ್ ಕೀ ಮಾಡಿಸಲು ಹೋಗಿದ್ದೆ. ಅಂಗಡಿಯವರು ಹಳೇ ಕೀ ಒಂದು ಕಡೆ, ಹಲ್ಲಿಲ್ಲದ ಹೊಸದು ಇನ್ನೊಂದು ಕಡೆ ಬಿಗಿದು ಸ್ವಿಚ್ ಒತ್ತಿದರು. ಈ ಕಡೆ ಒಂದು ಮೊನೆ ಹಳೇ ಕೀಯ ಹಲ್ಲುಗಳನ್ನು ಸವರುತ್ತಾ ಹೋದ ಹಾಗೆ, ಆ ಕಡೆ ಚಕ್ರ ಹೊಸ ಕೀಯನ್ನು ಕೊರೆಯುತ್ತಾ ಬಂತು. ಅರೆ, ಇದು ಬ್ಲಾಂಚರ್ಡ್ ಲೇತ್ ಅಲ್ವಾ!

ಹಳೇ ಪೇಟೆಂಟ್ ಚಿತ್ರಗಳನ್ನು ಸುಮ್ನೆ ನೋಡುತ್ತಾ ಕೂರುವ ಚಟ ನನಗೆ. ಥಾಮಸ್ ಬ್ಲಾಂಚರ್ಡ್ ಅಮೆರಿಕದ ಮ್ಯಾಸಚೂಸೆಟ್ಸ್‌ನವನು, ಪೇಟೆಂಟ್ 1819ರದ್ದು. ಲೇತ್ ಅಂದರೆ ಮರವನ್ನು ತಿರುಗಿಸುತ್ತಾ ಕಡೆಯುವ ಯಂತ್ರ. ಮಾಮೂಲಿ ಲೇತ್‌ನಲ್ಲಿ ಲಟ್ಟಣಿಗೆ, ಮಂಚದ ಕಾಲು ಕಡೆಯಬಹುದು. ದುಂಡಗಿರಬೇಕು, ಅಷ್ಟೇ. ಬಂದೂಕಿನ ಮರದ ಹಿಡಿ ದುಂಡಗಿಲ್ಲವಲ್ಲ. ಬ್ಲಾಂಚರ್ಡ್ ಮಾಡಿದ್ದು ಇಷ್ಟು: ಲೋಹದ ಮಾದರಿ, ಮರದ ತುಂಡು ಎರಡೂ ಒಟ್ಟಿಗೆ ತಿರುಗಬೇಕು, ಮಾದರಿಗೆ ಒತ್ತಿಕೊಂಡ ಒಂದು ಚಕ್ರ ಅದರ ಉಬ್ಬು ತಗ್ಗಿಗೆ ತಕ್ಕಂತೆ ಹಿಂದೆ ಮುಂದೆ ಸರಿದಾಗ ಅದಕ್ಕೆ ಜೋಡಿಸಿದ ಕತ್ತರಿಸುವ ಚಕ್ರವೂ ಅಷ್ಟೇ ಸರಿದು ಮರವನ್ನು ಕೆತ್ತಬೇಕು. ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ಬಂದೂಕು ಕಾರ್ಖಾನೆಯಲ್ಲಿ ಇದು ಓಡಿತು.

ನನಗೆ ಬಂದೂಕಿಗಿಂತ ಇಷ್ಟವಾಗುವುದು ಶೂ ಕಥೆ. ಶೂ ಹೊಲಿಯಲು ಕಾಲಿನ ಆಕಾರದ ಮರದ ಅಚ್ಚು ಬೇಕು. ಕೈಯಲ್ಲಿ ಕೆತ್ತುವ ಕಾಲದಲ್ಲಿ ಎಡಕ್ಕೊಂದು ಬಲಕ್ಕೊಂದು ಅಂತ ಎಲ್ಲ ಅಳತೆಗೂ ಜೋಡಿ ಅಚ್ಚು ಇಡುವುದು ದುಬಾರಿ. ಹಾಗಾಗಿ ಅಲ್ಲಿ ಸಿದ್ಧ ಶೂಗಳು ಹೆಚ್ಚಾಗಿ ನೇರವಾಗಿರುತ್ತಿದ್ದವು, ಯಾವ ಕಾಲಿಗೆ ಯಾವುದು ಹಾಕಿದರೂ ಒಂದೇ. ಪಾಪ, ಕಿರುಬೆರಳು! ಈ ಲೇತ್ ಬಂದ ಮೇಲೆ ಅಚ್ಚು ಅಗ್ಗವಾಯಿತು. ಮುಂದೆ ಬಂದ ಅಚ್ಚಿನ ಲೇತ್‌ಗಳಲ್ಲಿ ಮಾದರಿ ಒಂದು ದಿಕ್ಕಿಗೆ, ಮರ ಎದುರು ದಿಕ್ಕಿಗೆ ತಿರುಗಿದರೆ ಸಾಕು, ಬಲಗಾಲಿನ ಮಾದರಿಯಿಂದಲೇ ಎಡಗಾಲಿನ ಅಚ್ಚು ಬರುತ್ತಿತ್ತು.

ಪೇಟೆಂಟ್ 14 ವರ್ಷಕ್ಕೆ ಮುಗಿಯಬೇಕಿತ್ತು. ಕದಿಯುವವರು ಜಾಸ್ತಿ, ಕೋರ್ಟು ಕಚೇರಿ ಸುತ್ತಾಟವೂ ಜಾಸ್ತಿ ಅಂತ ಆತ ಅಮೆರಿಕದ ಸಂಸತ್ತಿಗೆ ಹೋಗಿ 1834ರಲ್ಲಿ ಒಮ್ಮೆ, 1848ರಲ್ಲಿ ಇನ್ನೊಮ್ಮೆ ಅವಧಿ ಹಿಗ್ಗಿಸಿಕೊಂಡ. ಎರಡನೇ ಸಲ ಸದಸ್ಯರ ತಲೆಯ ಪ್ರತಿಮೆಗಳನ್ನೇ ಯಂತ್ರದಲ್ಲಿ ಕಡೆದು ಪ್ರದರ್ಶನಕ್ಕೆ ಇಟ್ಟಿದ್ದನಂತೆ. ತಲೆ ತಿರುಗಿಸುವುದು ಅಂದರೆ ಇದೇ ನೋಡಿ.

ಅಚ್ಚಿನ ಮೇಲೆ ಚರ್ಮ ಎಳೆದು ಮೊಳೆ ಹೊಡೆಯುವ ಕೆಲಸ ಮಾತ್ರ ಇನ್ನೂ ಕೈಯಲ್ಲೇ ಇತ್ತು. ಅದನ್ನು ಯಂತ್ರಕ್ಕೆ ಒಪ್ಪಿಸಿದವನು ಸುರಿನಾಮ್‌ನಿಂದ ಬಂದ ಯಾನ್ ಮಾಟ್ಸೆಲಿಗರ್, 1883ರಲ್ಲಿ. ಅವನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಅಂದಹಾಗೆ, ಹೊಸ ಕೀ ತಿರುಗಲಿಲ್ಲ. ಹಳೇ ಕೀ ಸವೆದಿತ್ತು, ಯಂತ್ರ ಆ ಸವೆತವನ್ನೂ ಬಿಡದೆ ನಕಲು ಮಾಡಿತ್ತು.