ಪಾಂಡಾ, ಹೆಲಿಕಾಪ್ಟರ್ ಮತ್ತು ನನ್ನದೊಂದು ಚಿತ್ರ

28 ಸೆಪ್ಟೆಂಬರ್ 2025, ಭಾನುವಾರ
ಮ್ಯೂನಿಕ್, ರಾತ್ರಿ ಹತ್ತೂವರೆ

ಪುಟ್ಟಿ ಈಗಷ್ಟೇ ಮಲಗಿದಳು. ಅಕ್ಟೋಬರ್‌ಫೆಸ್ಟ್ ಮುಗಿಸಿ ಬರುವವರ ಹಾಡು ಕೆಳಗೆ ರಸ್ತೆಯಲ್ಲಿ ಇನ್ನೂ ನಡೆದಿದೆ. ಹಾಲ್‌ನ ಮೂಲೆಯಲ್ಲಿ ನಮ್ಮ ಮೂರೇ ಮೆಟ್ಟಿಲಿನ ಬೊಂಬೆ ಹಬ್ಬ. ಪಟ್ಟದ ಬೊಂಬೆಗಳ ಮಧ್ಯೆ ಒಂದು ಹಸಿರು ಡೈನೋಸಾರ್ ನಿಂತಿದೆ. ಅದನ್ನು ತೆಗೆಯುವ ಹಾಗಿಲ್ಲ. ತೆಗೆದರೆ ರಾತ್ರಿ ಎದ್ದು ಬಂದು ಪರೀಕ್ಷೆ ಮಾಡುತ್ತಾಳೆ.

ಇವತ್ತು ಮಧ್ಯಾಹ್ನ ಪೂರ್ತಿ ವಿಯೆನ್ನಾ ಪ್ಲಾನ್‌ಗೇ ಹೋಯಿತು. ಅಕ್ಟೋಬರ್ 22ಕ್ಕೆ ಬಲಿಪಾಡ್ಯಮಿ. ಮಾರನೇ ದಿನ ಗುರುವಾರ ಹೊರಟು ಭಾನುವಾರ ವಾಪಸ್. ನಾಲ್ಕು ದಿನ, ಮೂರು ರಾತ್ರಿ. ಇವರಿಗೆ ಉಳಿದಿರುವ ರಜೆ ಅಷ್ಟೇ.

ಶುರುವಿನಲ್ಲಿ ನನ್ನ ಪಟ್ಟಿಯಲ್ಲಿ ಹನ್ನೊಂದು ಜಾಗ ಇದ್ದವು. ಇವರು ನೋಡಿ ಏನೂ ಹೇಳಲಿಲ್ಲ, "ಪ್ರಾಗ್" ಅಂದರು ಅಷ್ಟೆ.

ಪ್ರಾಗ್ ನಮ್ಮ ಮನೆಯಲ್ಲಿ ಈಗ ಊರಿನ ಹೆಸರಲ್ಲ, ಬೈಗುಳ. ಹೋದ ವರ್ಷ ಪುಟ್ಟಿಗೆ ಮೂರು ತುಂಬಿತ್ತು. ಅಲ್ಲಿನ ಹಳೇ ಚೌಕದಲ್ಲಿ 1410ರ ಗಡಿಯಾರ ಒಂದಿದೆ. ಗಂಟೆಗೊಮ್ಮೆ ಮೇಲಿನ ಎರಡು ಕಿಟಕಿ ತೆರೆದು ಏಸುವಿನ ಶಿಷ್ಯರ ಬೊಂಬೆಗಳು ಒಂದೊಂದಾಗಿ ಸುತ್ತಿ ಹೋಗುತ್ತವೆ. ಮಗುವಿಗೆ ಖುಷಿಯಾಗುತ್ತದೆ ಅಂತ ಮುಕ್ಕಾಲು ಗಂಟೆ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ನಿಂತೆವು. ಅಪ್ಪನ ಹೆಗಲ ಮೇಲೆ ಅವಳು. ಎರಡು ಬಿಸ್ಕತ್ ಪೊಟ್ಟಣ ಖಾಲಿ. ಕೊನೆಗೆ ಗಂಟೆ ಹೊಡೆಯಿತು, ಕಿಟಕಿ ತೆರೆಯಿತು, ಜನ ಎಲ್ಲ ಫೋನ್ ಎತ್ತಿದರು. ಸರಿಯಾಗಿ ಆ ಹೊತ್ತಿಗೇ ನಮ್ಮ ಹಿಂದೆ ಒಬ್ಬ ಬಕೆಟ್ ಇಟ್ಟುಕೊಂಡು ದೊಡ್ಡ ಸೋಪಿನ ಗುಳ್ಳೆ ಬಿಡಲು ಶುರು ಮಾಡಿದ. ಪುಟ್ಟಿ ಹೆಗಲ ಮೇಲೇ ಪೂರ್ತಿ ಹಿಂದಕ್ಕೆ ತಿರುಗಿಬಿಟ್ಟಳು. "ಇಲ್ಲಿ ನೋಡೇ, ಬೊಂಬೆ, ಬೊಂಬೆ" ಅಂತ ನಾನು ಅವಳ ಗಲ್ಲ ಹಿಡಿದು ಎಳೆದೆ. ಅವಳು ಅತ್ತಳು. ಅಷ್ಟರಲ್ಲಿ ಕಿಟಕಿ ಮುಚ್ಚಿಹೋಯಿತು. ಅವತ್ತಿನ ಫೋಟೋದಲ್ಲಿ ನನ್ನ ಮುಖ ಈಗ ನೋಡಿದರೆ ನನಗೇ ನಾಚಿಕೆ.

ಹಾಗಾಗಿ ಹನ್ನೊಂದರಲ್ಲಿ ಏಳನ್ನು ಊಟಕ್ಕೆ ಮೊದಲೇ ಹೊಡೆದು ಹಾಕಿದೆ.

ವಿಯೆನ್ನಾನೇ ಯಾಕೆ ಅಂದರೆ, ಮೊದಲನೆಯದಾಗಿ ರೈಲು. ಇಲ್ಲಿಂದ ಸುಮಾರು ನಾಲ್ಕು ಗಂಟೆ, ಹತ್ತಿದರೆ ಆಯಿತು. ಆಸ್ಟ್ರಿಯಾದವರ ರೈಲ್‌ಜೆಟ್‌ನಲ್ಲಿ ಮಕ್ಕಳಿರುವವರಿಗೆ ಬೇರೆ ಭಾಗ ಇದೆ. ಅದರ ತುದಿಯಲ್ಲಿ ಮಕ್ಕಳ ಸಿನಿಮಾ ಹಾಕುವ ಒಂದು ಪರದೆ, ಎದುರಿಗೆ ಚಿಕ್ಕ ಚಿಕ್ಕ ಆಸನ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ಟಿಕೆಟ್ ಇಲ್ಲ ಅಂದರೆ ಸೀಟೂ ಇಲ್ಲ ಅಂತ ಅರ್ಥ. ಹದಿನಾರು ಕಿಲೋ ತೂಕವನ್ನು ನಾಲ್ಕು ಗಂಟೆ ತೊಡೆ ಮೇಲೆ ಕೂರಿಸಿಕೊಳ್ಳುವ ಧೈರ್ಯ ಇದ್ದವರು ಹಾಗೇ ಹೋಗಬಹುದು. ನಾವು ಮೂರೂ ಸೀಟು ಕಾದಿರಿಸುತ್ತೇವೆ.

ಇನ್ನೊಂದು ವಿಷಯ. ಎರಡೂ ದೇಶ ಗಡಿ ತಪಾಸಣೆ ಇಲ್ಲದ ಷೆಂಗೆನ್‌ ಒಳಗೇ ಇದ್ದರೂ ವಾಪಸ್ ಬರುವಾಗ ಗಡಿಯಲ್ಲಿ ಜರ್ಮನ್ ಪೊಲೀಸರು ರೈಲು ಹತ್ತಿ ಪಾಸ್‌ಪೋರ್ಟ್ ಕೇಳುವುದುಂಟು. ನಮ್ಮಂಥವರು ಪಾಸ್‌ಪೋರ್ಟ್ ಜೊತೆ ರೆಸಿಡೆನ್ಸ್ ಕಾರ್ಡೂ ಇಟ್ಟುಕೊಳ್ಳಬೇಕು, ಮಗುವಿನದ್ದೂ ಸೇರಿ. ದೊಡ್ಡವರದ್ದು ಪರ್ಸಿನಲ್ಲೇ ಇರುತ್ತದೆ, ಮರೆಯುವುದು ಮಗುವಿನದ್ದೇ. ಪುಟ್ಟಿಯ ಕಾರ್ಡನ್ನು ಇವತ್ತೇ ತೆಗೆದು ನನ್ನ ಬ್ಯಾಗಿಗೆ ಹಾಕಿದೆ.

ಮನೆ ಹುಡುಕುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಹೋಟೆಲ್ ಬೇಡ, ಅಡುಗೆಮನೆ ಇರುವ ಸಣ್ಣ ಫ್ಲ್ಯಾಟ್ ಬೇಕು. ಅನ್ನ, ಮೊಸರು, ಪುಳಿಯೋಗರೆ ಗೊಜ್ಜಿನ ಒಂದು ಡಬ್ಬಿ, ಇಷ್ಟಿದ್ದರೆ ನಮ್ಮ ರಾತ್ರಿಗಳು ಸುಖವಾಗಿ ಕಳೆಯುತ್ತವೆ. ಚೆಂದದ ಒಂದು ಫ್ಲ್ಯಾಟ್ ಸಿಕ್ಕಿತ್ತು. ಎತ್ತರದ ಛಾವಣಿ, ಉದ್ದುದ್ದ ಕಿಟಕಿ. "ಮೂರನೇ ಮಹಡಿ, ಲಿಫ್ಟ್ ಇಲ್ಲ." ಮೂರೇ ತಾನೇ ಅಂದೆ. ವಿಯೆನ್ನಾದಲ್ಲಿ ಎರಡು ವರ್ಷ ಇದ್ದ ಗೆಳತಿಗೆ ಫೋನ್ ಮಾಡಿದರೆ ಅವಳು ನಕ್ಕಳು. ಅಲ್ಲಿನ ಹಳೇ ಕಟ್ಟಡಗಳಲ್ಲಿ ನೆಲಮಹಡಿ ಆದಮೇಲೆ "ಎತ್ತರದ ನೆಲಮಹಡಿ" ಅಂತ ಒಂದು ಬರುತ್ತದಂತೆ. ಅದಾದ ಮೇಲೆ "ಮೆಜ್ಜನೀನ್" ಅಂತ ಇನ್ನೊಂದು. ಆಮೇಲೆ ಒಂದನೇ ಮಹಡಿ ಶುರು. ಅಂದರೆ ಅವರ ಮೂರು ನಮ್ಮ ಐದು. ನಿದ್ದೆ ಮಾಡುತ್ತಿರುವ ಮಗು, ಮಡಚಿದ ತಳ್ಳುಗಾಡಿ, ಸೂಟ್‌ಕೇಸ್, ಐದು ಮಹಡಿ. ಬೇಡಮ್ಮ. ಮುಖ್ಯ ರೈಲು ನಿಲ್ದಾಣದ ಹತ್ತಿರ ಹೊಸ ಕಟ್ಟಡದಲ್ಲಿ ಒಂದು ಬುಕ್ ಮಾಡಿದೆವು. ಛಾವಣಿ ತಗ್ಗು, ಲಿಫ್ಟ್ ಇದೆ. ಪುಟ್ಟಿಗೆ ಲಿಫ್ಟಿನ ಗುಂಡಿ ಒತ್ತುವುದೇ ಅರ್ಧ ಪ್ರವಾಸ.

ನಿಲ್ದಾಣದ ಹತ್ತಿರ ಅಂದದ್ದಕ್ಕೆ ಇನ್ನೊಂದು ಕಾರಣ ಹಾಲು. ಅಲ್ಲಿ ಶನಿವಾರ ಸಂಜೆ ಆರಕ್ಕೆ ಅಂಗಡಿ ಮುಚ್ಚುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ದೊಡ್ಡ ನಿಲ್ದಾಣದೊಳಗಿನ ಸೂಪರ್‌ಮಾರ್ಕೆಟ್ ಮಾತ್ರ ತೆರೆದಿರುತ್ತದೆ. ನಮ್ಮ ಭಾನುವಾರವೋ ಎರಡೆರಡು ಸಲ ವಿಶೇಷ. ಅಕ್ಟೋಬರ್ 26 ಆಸ್ಟ್ರಿಯಾದ ರಾಷ್ಟ್ರೀಯ ದಿನ. ಅವತ್ತೇ ಬೆಳಗಿನ ಜಾವ ಚಳಿಗಾಲದ ಸಮಯಕ್ಕೆ ಗಂಟೆ ಒಂದು ಹಿಂದಕ್ಕೆ. ಗಡಿಯಾರಕ್ಕೆ ಅದು ಗೊತ್ತಾಗುತ್ತದೆ, ಪುಟ್ಟಿಗೆ ಗೊತ್ತಾಗುವುದಿಲ್ಲ. ಆರಕ್ಕೆ ಏಳುವವಳು ಅವತ್ತು ಐದಕ್ಕೇ "ಅಮ್ಮಾ, ಬೆಳಗಾಯ್ತು" ಅನ್ನುತ್ತಾಳೆ.

ಇನ್ನು ನೋಡುವ ಜಾಗಗಳು. ಉಳಿದ ನಾಲ್ಕರ ಫೋಟೋ ತೋರಿಸಿ ಅವಳನ್ನೇ ಕೇಳಿದೆವು. ಅರಮನೆ? "ಬೇಡ." ಯಾವುದೇ ಅರಮನೆ ಫೋಟೋ ತೋರಿಸಿದರೂ ಅವಳದ್ದು ಒಂದೇ ಮಾತು, "ಅಜ್ಜಿ ಊರಲ್ಲಿ ನೋಡಿದೀನಿ." ಮೈಸೂರಿನಲ್ಲಿ ಹುಟ್ಟಿದ ನಾನು ಇದಕ್ಕೆ ಏನು ಹೇಳಲಿ? ಪಾಂಡಾ? ಕುಣಿದಳು. ಷೋನ್‌ಬ್ರುನ್ ಅರಮನೆಯ ತೋಟದೊಳಗೇ ಮೃಗಾಲಯ ಇದೆ. 1752ರದ್ದು. ಇವತ್ತಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಜಗತ್ತಿಗೇ ಹಳೆಯದು. ನಮ್ಮ ಮೈಸೂರು ಝೂ 1892ರದ್ದು ಅಂತ ನಾವು ಬೀಗುತ್ತೇವೆ, ಇದು ಅದಕ್ಕಿಂತ 140 ವರ್ಷ ದೊಡ್ಡಣ್ಣ. ಮಧ್ಯದಲ್ಲಿ ಎಂಟು ಮೂಲೆಯ ಹಳದಿ ಮಂಟಪ ಒಂದಿದೆ. ಚಕ್ರವರ್ತಿ ದಂಪತಿ ಅಲ್ಲಿ ಕೂತು ಪ್ರಾಣಿಗಳನ್ನು ನೋಡುತ್ತಾ ಬೆಳಗಿನ ತಿಂಡಿ ತಿನ್ನುತ್ತಿದ್ದರಂತೆ. ಹೊಸ ಪಾಂಡಾ ಜೋಡಿ ಈ ಏಪ್ರಿಲ್‌ನಲ್ಲಿ ಚೀನಾದಿಂದ ಬಂದಿದೆ. ಇಡೀ ಶುಕ್ರವಾರ ಅದಕ್ಕೇ. ಅರಮನೆ ಒಳಗೆ ಹೋಗುವುದಿಲ್ಲ, ಹೊರಗಿನಿಂದ ಕಂಡಷ್ಟು ಸಾಕು.

ಶನಿವಾರ ಪ್ರಾಟರ್ ಅನ್ನುವ ಆಟದ ಪಾರ್ಕು. 1897ರ ದೊಡ್ಡ ಜಯಂಟ್ ವೀಲ್. ಅದಕ್ಕೆ ತೊಟ್ಟಿಲಲ್ಲ, ರೈಲುಡಬ್ಬಿಯಂಥ ಕೆಂಪು ಮರದ ಕೋಣೆಗಳು. ಯುದ್ಧದಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದಾಗ ಮೂವತ್ತರ ಬದಲು ಹದಿನೈದೇ ಕೋಣೆ ಹಾಕಿದರು. ಪಾರ್ಕಿನ ಒಳಗೆ ಹೋಗುವುದಕ್ಕೆ ದುಡ್ಡಿಲ್ಲ, ಒಂದೊಂದು ಆಟಕ್ಕೆ ಬೇರೆ ಬೇರೆ ಕೊಡಬೇಕು. ಇದು ಬಹಳ ಅಪಾಯದ ವ್ಯವಸ್ಥೆ. ಜಾತ್ರೆಯಲ್ಲಿ ಮಗು ಕೈ ಹಿಡಿದು ನಡೆದವರಿಗೆ ಗೊತ್ತು. ಮೂರು ಆಟ ಅಂತ ಈಗಲೇ ಒಪ್ಪಂದ ಆಗಿದೆ. ಒಪ್ಪಂದ ಉಳಿಯುತ್ತದೆ ಅಂತ ಯಾರಿಗೂ ನಂಬಿಕೆ ಇಲ್ಲ. ಮಧ್ಯಾಹ್ನ ಕೈಸರ್‌ಶ್ಮಾರ್ನ್. ಹೆಂಚಿಗೆ ಅಂಟಿಕೊಂಡ ದಪ್ಪ ದೋಸೆಯನ್ನು ಸಿಟ್ಟಿನಿಂದ ಚೂರು ಚೂರು ಮಾಡಿ, ಮೇಲೆ ಸಕ್ಕರೆ ಪುಡಿ ಉದುರಿಸಿ, ಪಕ್ಕದಲ್ಲಿ ಪ್ಲಮ್ ಹಣ್ಣಿನ ಗೊಜ್ಜು ಇಟ್ಟರೆ ಹೇಗಿರುತ್ತದೋ ಹಾಗೆ. ಮೊಟ್ಟೆ ಇರುತ್ತದೆ, ನಮಗೆ ನಡೆಯುತ್ತದೆ.

ಭಾನುವಾರ ಇವರ ಪಾಲು. ರಾಷ್ಟ್ರೀಯ ದಿನದಂದು ಹೆಲ್ಡನ್‌ಪ್ಲಾಟ್ಸ್ ಮೈದಾನಕ್ಕೆ ಸೈನ್ಯದವರು ಟ್ಯಾಂಕ್, ಹೆಲಿಕಾಪ್ಟರ್ ತಂದು ನಿಲ್ಲಿಸುತ್ತಾರೆ. ಮಕ್ಕಳು ಹತ್ತಿ ನೋಡಬಹುದು. "ಮಗುವಿಗೆ ಇಷ್ಟ ಆಗುತ್ತೆ" ಅಂದರು ಇವರು. ಯಾವ ಮಗುವಿಗೆ ಅಂತ ನಾನು ಕೇಳಲಿಲ್ಲ.

ಉಳಿದದ್ದು ಗುರುವಾರ ಸಂಜೆ. ಅದು ನನ್ನದು.

ಪುಟ್ಟಿ ಹೊಟ್ಟೆಯಲ್ಲಿದ್ದಾಗ, ಕೊನೇ ತಿಂಗಳು, ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಎರಡು ಯೂರೋಗೆ ಒಂದು ಜಿಗ್‌ಸಾ ಪಜಲ್ ತಂದಿದ್ದೆ. ಸಾವಿರ ತುಂಡು. ಪೀಟರ್ ಬ್ರೂಗೆಲ್ 1560ರಲ್ಲಿ ಬರೆದ ಮಕ್ಕಳ ಆಟಗಳ ಚಿತ್ರ. ಊರಿನ ಬೀದಿ ತುಂಬ ಮಕ್ಕಳು, 200ಕ್ಕೂ ಜಾಸ್ತಿ. ಎಂಬತ್ತಕ್ಕೂ ಹೆಚ್ಚು ಬಗೆಯ ಆಟ. ದೊಡ್ಡ ಹೊಟ್ಟೆ ಮೇಜಿಗೆ ತಾಗಿಸಿಕೊಂಡು ಒಂದೊಂದೇ ಮಗುವನ್ನು ಜೋಡಿಸಿದೆ. ಎಡಗಡೆ ಕೆಳಮೂಲೆಯಲ್ಲಿ ಇಬ್ಬರು ಅಣ್ಣೆಕಲ್ಲು ಆಡುತ್ತಿದ್ದಾರೆ, ಕಲ್ಲಿನ ಬದಲು ಮೂಳೆ ಅಷ್ಟೆ. ಬುಗುರಿ ಇದೆ. ಕಣ್ಣು ಕಟ್ಟಿ ಹಿಡಿಯುವ ಆಟ ಇದೆ. ನಾವು ಟಯರ್ ಓಡಿಸುತ್ತಿದ್ದ ಹಾಗೆ ಕೋಲು ಹಿಡಿದು ಬಳೆ ಓಡಿಸುವವರಿದ್ದಾರೆ. ಮುಖಗಳು ಮಾತ್ರ ಮಕ್ಕಳದ್ದಲ್ಲ. ದೊಡ್ಡವರ ಮುಖ, ನಗುವೇ ಇಲ್ಲ, ಆಫೀಸ್ ಕೆಲಸದಷ್ಟು ಗಂಭೀರವಾಗಿ ಆಡುತ್ತಿದ್ದಾರೆ. ಕೊನೆಗೆ ಒಂದು ತುಂಡು ಸಿಗಲಿಲ್ಲ. ಮೇಲೆ ಎಡಕ್ಕೆ, ಹೊಳೆಯಲ್ಲಿ ಈಜುವವರ ಹತ್ತಿರ, ಒಂದು ತೂತು. ಅಲ್ಲಿ ಏನಿದೆ ಅಂತ ಇಂಟರ್ನೆಟ್‌ನಲ್ಲಿ ನೋಡಬಹುದಿತ್ತು. ನೋಡಲಿಲ್ಲ. ಸುಮ್ನೆ ಹಠ.

ಮೂಲ ಚಿತ್ರ ಇರುವುದು ವಿಯೆನ್ನಾದ ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂನಲ್ಲಿ. ಬ್ರೂಗೆಲ್ ಚಿತ್ರಗಳು ಜಗತ್ತಿನಲ್ಲಿ ಅತಿ ಹೆಚ್ಚು ಇರುವುದೂ ಅಲ್ಲೇ. ಗುರುವಾರ ಮಾತ್ರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಹಾಗಾಗಿ ಏರ್ಪಾಡು ಇಷ್ಟು: ಅಪ್ಪ ಮಗಳಿಗೆ ಮೊಸರನ್ನ, ಕಥೆ, ನಿದ್ದೆ. ಅಮ್ಮ ಒಬ್ಬಳೇ ಹೊರಗೆ, ಬ್ಯಾಗಿನಲ್ಲಿ ಒದ್ದೆ ಟಿಶ್ಯೂ ಇಲ್ಲ, ಬಿಸ್ಕತ್ ಇಲ್ಲ. ಒಂದೇ ಚಿತ್ರದ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ನಿಜ ಹೇಳಬೇಕೆಂದರೆ ಇಡೀ ಪ್ರವಾಸ ನಾನು ಕಟ್ಟಿದ್ದೇ ಆ ಎರಡು ಗಂಟೆಯ ಸುತ್ತ.

ಸಂಜೆ ಮ್ಯೂಸಿಯಂನ ಸಮಯ ಇನ್ನೊಂದು ಸಲ ನೋಡಿಕೊಳ್ಳುತ್ತಿದ್ದೆ. ಪುಟ್ಟಿ ಬಂದು ತೊಡೆ ಹತ್ತಿದಳು. ಪರದೆಯ ಮೇಲೆ ಅದೇ ಚಿತ್ರ. ಹೊಳೆಯ ಕಡೆ ಹೋಗದಂತೆ ಎಡ ಮೇಲ್ಮೂಲೆಗೆ ನಾನು ಅಂಗೈ ಮುಚ್ಚಿದೆ. ಅವಳು ಎರಡು ಬೆರಳಿನಲ್ಲಿ ಚಿತ್ರ ಹಿಗ್ಗಿಸಿ ಒಂದೊಂದೇ ಮುಖ ನೋಡುತ್ತಾ ಹೋದಳು. ಒಂದು ಕಡೆ ನಿಂತಳು.

"ಅಮ್ಮಾ, ಇವನು ಏನು ಮಾಡ್ತಿದಾನೆ?"

ಬಗ್ಗಿ ನೋಡಿದೆ. ಒಂದು ಮಗು ಕೋಲು ಹಿಡಿದು ನೆಲದ ಮೇಲೆ ಏನನ್ನೋ ಕೆದಕುತ್ತಿದೆ. ಇನ್ನೂ ಹಿಗ್ಗಿಸಿದೆವು. ಹೌದು, ಅದೇ. ಸಾವಿರ ತುಂಡನ್ನು ಕೈಯಾರೆ ಜೋಡಿಸಿದ ನನಗೆ ಅದು ಏನೆಂದು ಹೊಳೆದಿರಲಿಲ್ಲ.

"ಕಕ್ಕ!" ಅಂತ ಕಿರುಚಿದಳು. ಆಮೇಲೆ ಹತ್ತು ನಿಮಿಷ ನಗು. ತೊಡೆಯಿಂದ ಜಾರಿ ನೆಲದ ಮೇಲೆ ಉರುಳಿದಳು. ಅಪ್ಪನನ್ನು ಕರೆದು ತೋರಿಸಿದಳು, ಅಜ್ಜಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದಳು. ಅಜ್ಜಿ "ಥೂ, ನವರಾತ್ರಿಯಲ್ಲಿ ಇದೇನು" ಅಂದರು, ಆದರೆ ಕನ್ನಡಕ ಹಾಕಿಕೊಂಡು ನೋಡಿದರು.

ಮಲಗುವ ಹೊತ್ತಿಗೆ ತೀರ್ಮಾನ ಆಗಿತ್ತು. ಪಾಂಡಾ ಆದಮೇಲೆ ಅವಳಿಗೆ ಕಕ್ಕದ ಚಿತ್ರ ನೋಡಬೇಕು. ದೊಡ್ಡದೇ ಇರುತ್ತಾ ಅಂತ ಕೇಳಿದಳು. ಹೂಂ, ಒಂದೂವರೆ ಮೀಟರಿಗಿಂತ ಅಗಲ, ನಿನಗಿಂತ ದೊಡ್ಡದು ಅಂದೆ. ಹತ್ತೊಂಬತ್ತು ವರ್ಷದೊಳಗಿನವರಿಗೆ ಅಲ್ಲಿ ಟಿಕೆಟ್ ಇಲ್ಲ, ಆ ನೆಪವೂ ಹೋಯಿತು.

ಈಗ ಇವರು ಪಕ್ಕದಲ್ಲಿ ಕೂತು ರೈಲಿನ ಸೀಟು ಕಾದಿರಿಸುತ್ತಿದ್ದಾರೆ. "ಹಾಗಾದ್ರೆ ಗುರುವಾರ ಸಂಜೆ ಕ್ಯಾನ್ಸಲ್, ಶನಿವಾರ ಬೆಳಿಗ್ಗೆ ಮೂವರೂ ಒಟ್ಟಿಗೆ ಹೋಗೋಣ, ಅಲ್ವಾ?" ಅಂದರು.

ಗುರುವಾರ ನಾನು ಒಬ್ಬಳೇ ಹೋಗುತ್ತೇನೆ ಅಂದೆ. ಶನಿವಾರ ಅವಳ ಜೊತೆ ಮತ್ತೆ ಹೋಗುತ್ತೇನೆ, ಮೊದಲ ಸಲ ನೋಡುವವಳ ಹಾಗೆ.

"ಒಂದೇ ಚಿತ್ರಕ್ಕೆ ಎರಡು ಸಲ ದುಡ್ಡು ಕೊಡ್ತೀಯಾ?"

"ಕೊಡ್ತೀನಿ. ನೀವು ಸಿನಿಮಾ ಪರದೆ ಹತ್ತಿರದ ಸೀಟು ಸಿಗುತ್ತಾ ನೋಡಿ."