ಸ್ಕ್ರಾಂಟನ್ನಿನ ಕಲ್ಲಿನ ಕುಲುಮೆಗಳು

ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ನಗರಕ್ಕೆ ನಾವು ಹೊರಟಿದ್ದು ಸ್ಟೀಮ್‌ಟೌನ್ ಎಂಬ ರೈಲು ಸಂಗ್ರಹಾಲಯದಲ್ಲಿರುವ ಹಳೆಯ ಉಗಿ ಎಂಜಿನ್‌ಗಳನ್ನು ನೋಡಲೇಬೇಕೆಂಬ ಮಗನ ಹಟಕ್ಕೆ. ಅವನ ಮನಸ್ಸೆಲ್ಲ 'ಬಿಗ್ ಬಾಯ್' ಎಂಬ ದೈತ್ಯ ಎಂಜಿನ್ನಿನ ಮೇಲಿತ್ತು. ಅದು ದೂರದ ಪಶ್ಚಿಮದ ಯೂನಿಯನ್ ಪೆಸಿಫಿಕ್‌ನದೆಂದೂ, ಈ ಊರಿನಲ್ಲಿ ದುಡಿದದ್ದಲ್ಲವೆಂದೂ ಹೇಳಿದರೆ ಕೇಳುವವರಾರು! ನನಗೆ ಹಿಡಿಸಿದ್ದು ಅಲ್ಲಿಗೆ ಸಮೀಪದ ರೋರಿಂಗ್ ಬ್ರೂಕ್ ಹೊಳೆಯ ಬದಿಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುವ ನಾಲ್ಕು ಕಲ್ಲಿನ ಊದುಕುಲುಮೆಗಳು, ಅಂದರೆ ಗಾಳಿಯೂದಿ ಅದಿರಿನಿಂದ ಕಬ್ಬಿಣ ತೆಗೆಯುತ್ತಿದ್ದ ಕುಲುಮೆಗಳು.

ಲ್ಯಾಕವಾನ್ನಾ ಎಂಬ ಈ ಕಣಿವೆಯಲ್ಲಿ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು ಹೇರಳವಾಗಿತ್ತು. ಅದರಿಂದಲೇ ಕಬ್ಬಿಣ ಕರಗಿಸಬಹುದೆಂದು ಸ್ಕ್ರಾಂಟನ್ ಸೋದರರೂ ಅವರ ಪಾಲುದಾರರೂ 1840ರಲ್ಲಿ ಇಲ್ಲಿ ಕೆಲಸ ಆರಂಭಿಸಿದರು. ಆದರೆ ಸ್ಥಳೀಯ ಅದಿರು ಕಳಪೆಯಾಗಿತ್ತು, ಅವರು ತಯಾರಿಸಿದ ಮೊಳೆಗಳ ವ್ಯಾಪಾರ ಕೈಹಿಡಿಯಲಿಲ್ಲ. ಅವರನ್ನು ಉಳಿಸಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ ಮಾರ್ಗ ಹಾಕುತ್ತಿದ್ದ ಈರಿ ರೈಲ್ವೆ ಕಂಪನಿಯ ಅವಸರ. 1848 ಮುಗಿಯುವುದರೊಳಗೆ ಆ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರನ್ನು ತಲುಪಬೇಕಾಗಿದ್ದ ಆ ಕಂಪನಿ, ಬ್ರಿಟನ್ನಿನ ಹಳಿಗಳಿಗಾಗಿ ಕಾಯುವ ಬದಲು 12,000 ಟನ್ ಹಳಿಗಳ ಗುತ್ತಿಗೆಯನ್ನು ಇವರಿಗೆ ಕೊಟ್ಟಿತು. ಕುಲುಮೆಯ ಕಮಾನಿನೊಳಗೆ ನಿಂತಾಗ ನನ್ನನ್ನು ಹೆಚ್ಚು ಕಾಡಿದ್ದು ಈ ಸಂಗತಿಯೇ: ದೇಶಕ್ಕೆ ಹಳಿ ಮಾಡಿಕೊಡುತ್ತಿದ್ದ ಊರಿಗೇ ಆಗ ರೈಲು ಇರಲಿಲ್ಲ, ತಯಾರಾದ ಹಳಿಗಳನ್ನು ಹೇಸರಗತ್ತೆಗಳ ಬಂಡಿಗೆ ಹೇರಿ ಕಾಡುದಾರಿಯಲ್ಲಿ ಸಾಗಿಸಬೇಕಾಗಿತ್ತು. ಈರಿ ರೈಲ್ವೆ ಡಿಸೆಂಬರ್ ಕೊನೆಯ ವಾರದಲ್ಲಿ ಬಿಂಗ್‌ಹ್ಯಾಮ್ಟನ್ ಮುಟ್ಟಿತು.

1851ರಲ್ಲಿ ಸ್ಕ್ರಾಂಟನ್ನಿನಿಂದ ಉತ್ತರದ ಗ್ರೇಟ್ ಬೆಂಡ್‌ವರೆಗೆ ಸ್ವಂತ ಮಾರ್ಗ ಬಂದ ಮೇಲೆ ಕಬ್ಬಿಣಕ್ಕಿಂತ ಕಲ್ಲಿದ್ದಲೇ ದೊಡ್ಡ ಸರಕಾಯಿತು. ಆ ಮಾರ್ಗದಿಂದ ಬೆಳೆದ ಡೆಲವೇರ್, ಲ್ಯಾಕವಾನ್ನಾ ಮತ್ತು ವೆಸ್ಟರ್ನ್ ಕಂಪನಿ ಗಣಿಗಳನ್ನೂ ತಾನೇ ಹೊಂದಿತ್ತು. ಅಗೆಯುವವನೂ ಸಾಗಿಸುವವನೂ ಒಬ್ಬನೇ ಆದಲ್ಲಿ, ಸಣ್ಣ ಗಣಿಯ ಒಡೆಯ ತನ್ನ ಪೈಪೋಟಿಗಾರನಿಗೇ ಸಾಗಣೆ ದರ ತೆರಬೇಕಾಗುತ್ತದೆ. ರೈಲ್ವೆಗಳು ಸ್ವಂತ ಕಲ್ಲಿದ್ದಲು ಹೊತ್ತು ಮಾರುವುದಕ್ಕೆ 1906ರ ಹೆಪ್‌ಬರ್ನ್ ಕಾಯಿದೆ ತಡೆಯೊಡ್ಡುವ ಹೊತ್ತಿಗೆ ಕಣಿವೆಯ ಸ್ವರೂಪ ಆಗಲೇ ನಿರ್ಧಾರವಾಗಿಬಿಟ್ಟಿತ್ತೆಂದು ನನ್ನ ಎಣಿಕೆ.

ಕುಲುಮೆಗಳಿಗೂ ರೈಲು ಶಾಶ್ವತ ರಕ್ಷೆಯಾಗಲಿಲ್ಲ. ಸುಪೀರಿಯರ್ ಸರೋವರದ ಸೀಮೆಯ ಉತ್ತಮ ಅದಿರು ಹಡಗುಗಳಲ್ಲಿ ಈರಿ ಸರೋವರದ ಬಂದರುಗಳಿಗೆ ಬಂದಿಳಿಯುವಾಗ, ಅದನ್ನು ಮತ್ತೆ ಬೆಟ್ಟ ಹತ್ತಿಸಿ ಇಲ್ಲಿಗೆ ತರುವುದು ಲಾಭದ ಮಾತಾಗಿರಲಿಲ್ಲ. 1902ರ ವೇಳೆಗೆ ಈ ಕುಲುಮೆಗಳ ಒಡೆತನದ ಉಕ್ಕಿನ ಕಂಪನಿ ಬಫಲೋ ನಗರದ ಬಳಿಗೆ ಹೊರಟುಹೋಯಿತು. ಅಲ್ಲಿ ಅದರ ಸುತ್ತ ಎದ್ದ ಊರಿಗೆ ಈ ಕಣಿವೆಯ ಲ್ಯಾಕವಾನ್ನಾ ಎಂಬ ಹೆಸರೇ ಬಂತು.